ಕೆಂಪು ಕಡಸು, ಪಸ್ಕದ ಮೇಕೆಮರಿ ಮತ್ತು ಎರಡು ಸಾವಿರ ವರ್ಷಗಳ ಓದು

ಯೆಹೂದಿಗಳ ಪಸ್ಕ ಹಬ್ಬ ಹತ್ತಿರವಾದಾಗಲೆಲ್ಲ ಜೆರುಸಲೇಮ್‌ನಿಂದ ಒಂದೇ ಬಗೆಯ ಸುದ್ದಿ ಬರುತ್ತದೆ: ಹಳೆಯ ನಗರದೊಳಗೆ ಹಬ್ಬದ ಬಲಿಗೆಂದು ಮೇಕೆಮರಿಯನ್ನು ಬಚ್ಚಿಟ್ಟು ಒಯ್ಯುತ್ತಿದ್ದವರನ್ನು ಇಸ್ರೇಲಿನ ಪೊಲೀಸರೇ ಹಿಡಿದು ಠಾಣೆಗೆ ಕರೆದೊಯ್ದರು ಎಂಬುದು ಆ ಸುದ್ದಿ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಐದು ಕೆಂಪು ಕಡಸುಗಳನ್ನು ವಿಮಾನದಲ್ಲಿ ಇಸ್ರೇಲಿಗೆ ತಂದದ್ದು ಜಗತ್ತಿನಾದ್ಯಂತ ವರದಿಯಾಯಿತು. 2024ರ ಜನವರಿಯಲ್ಲಿ ಗಾಜಾ ಯುದ್ಧಕ್ಕೆ ನೂರು ದಿನ ತುಂಬಿದಾಗ ಹಮಾಸ್‌ನ ಸೇನಾ ವಕ್ತಾರರು ತಮ್ಮ ಭಾಷಣದಲ್ಲಿ ಇದೇ ಕೆಂಪು ಹಸುಗಳನ್ನು ಪ್ರಸ್ತಾಪಿಸಿ, ಅಲ್-ಅಕ್ಸಾ ಮಸೀದಿಗೆ ಬಂದಿರುವ ಅಪಾಯದ ಗುರುತು ಅವು ಎಂದರು. ಹಸು ಮತ್ತು ಮೇಕೆ ಯುದ್ಧದ ಕಾರಣಗಳ ಪಟ್ಟಿಯಲ್ಲಿ ಸೇರಿದ್ದು ಹೇಗೆ ಎಂದು ಓದುಗರು ಗೊಂದಲಕ್ಕೊಳಗಾದರೆ ಆಶ್ಚರ್ಯವಿಲ್ಲ.

ಈ ಸುದ್ದಿಗಳ ಹಿಂದೆ ಒಂದು ಬಹುದೊಡ್ಡ ವಿದ್ಯಾಪರಂಪರೆಯಿದೆ. ದೇವಾಲಯವೇ ಇಲ್ಲದ ಕಾಲದಲ್ಲಿ ದೇವಾಲಯದ ಬಲಿ ಮತ್ತು ನೈವೇದ್ಯಗಳ ವಿಧಿಗಳನ್ನು ಅತ್ಯಂತ ಸೂಕ್ಷ್ಮವಾಗಿ ಅಧ್ಯಯನ ಮಾಡುತ್ತ ಬಂದ ರಬ್ಬಿಗಳ, ಎಂದರೆ ಯೆಹೂದಿ ಧರ್ಮಗುರುಗಳ, ಪರಂಪರೆ ಅದು. ಮೇಕೆಮರಿಯನ್ನು ಒಯ್ಯುವವರೂ ಅವರನ್ನು ಖಂಡಿಸುವ ರಬ್ಬಿಗಳೂ ಒಂದೇ ಗ್ರಂಥರಾಶಿಯನ್ನು ಓದುತ್ತಾರೆ. ಆದರೆ ಆ ಓದು ಏತಕ್ಕಾಗಿ ಎಂಬ ವಿಷಯದಲ್ಲಿ ಅವರಿಗೆ ಒಮ್ಮತವಿಲ್ಲ. ಇಂದಿನ ಬಿಕ್ಕಟ್ಟಿನ ಬೇರು ಇರುವುದು ಈ ಭಿನ್ನಾಭಿಪ್ರಾಯದಲ್ಲಿ.

ನಿಂತುಹೋದ ಬಲಿ, ನಿಲ್ಲದ ಓದು

ಕ್ರಿ.ಶ. 70ರಲ್ಲಿ ಟೈಟಸ್‌ನ ನೇತೃತ್ವದ ರೋಮನ್ ಸೈನ್ಯ ಜೆರುಸಲೇಮ್‌ನ ಎರಡನೆಯ ದೇವಾಲಯವನ್ನು ನಾಶಮಾಡಿತು. ಮೋಶೆಯ ಧರ್ಮಶಾಸ್ತ್ರ ಬಲಿಯನ್ನು ಒಂದೇ ಸ್ಥಳದಲ್ಲಿ ಮಾತ್ರ ಅರ್ಪಿಸಬೇಕೆಂದು ವಿಧಿಸಿದ್ದರಿಂದ, ಆ ಸ್ಥಳ ಹೋದೊಡನೆ ಬಲಿಪದ್ಧತಿ ಪೂರ್ತಿಯಾಗಿ ನಿಂತುಹೋಯಿತು. ಪಾಪಕ್ಕೆ ಪರಿಹಾರ, ಹೆರಿಗೆಯ ನಂತರದ ಶುದ್ಧಿ, ಕೃತಜ್ಞತೆಯ ಅರ್ಪಣೆ, ಪಸ್ಕದ ಕುರಿಮರಿ ಎಲ್ಲವೂ ಯಜ್ಞವೇದಿಯನ್ನು ಅವಲಂಬಿಸಿದ್ದವು. ಒಂದು ಜನಾಂಗ ದೇವರೊಡನೆ ವ್ಯವಹರಿಸುತ್ತಿದ್ದ ಮುಖ್ಯ ಮಾರ್ಗವೇ ಒಂದೇ ವರ್ಷದಲ್ಲಿ ಮುಚ್ಚಿದಂತಾಯಿತು.

ಇಂಥ ಸ್ಥಿತಿಯಲ್ಲಿ ಬಲಿಯ ವಿಧಿಗಳು ಮೆಲ್ಲನೆ ಮರೆತುಹೋಗಬೇಕಿತ್ತು. ಆದದ್ದು ಬೇರೆ. ಸುಮಾರು 200ರ ಹೊತ್ತಿಗೆ, ಎಂದರೆ ದೇವಾಲಯ ಬಿದ್ದು ನಾಲ್ಕೈದು ತಲೆಮಾರುಗಳು ಕಳೆದ ಮೇಲೆ, ರಬ್ಬಿ ಯೆಹೂದಾ ಹನಾಸಿ ಮಿಶ್ನಾ ಎಂಬ ಶಾಸ್ತ್ರಸಂಗ್ರಹವನ್ನು ರೂಪಿಸಿದರು. ಅದರ ಆರು ವಿಭಾಗಗಳಲ್ಲಿ ಐದನೆಯದಾದ ಕೊದಾಶಿಮ್ ಬಹುಪಾಲು ಪವಿತ್ರ ಅರ್ಪಣೆಗಳಿಗೇ ಮೀಸಲು. ಜೆವಾಹಿಮ್, ಮೆನಾಹೋತ್, ಹುಲ್ಲಿನ್, ತೆಮುರಾ, ಮೆಯಿಲಾ, ತಾಮಿದ್, ಮಿದ್ದೋತ್, ಕಿನ್ನಿಮ್ ಮೊದಲಾದ 11 ಪ್ರಕರಣಗಳು ಅದರಲ್ಲಿವೆ. ದೇವಾಲಯವನ್ನು ಕಣ್ಣಾರೆ ಕಂಡವರು ಬಹುಮಟ್ಟಿಗೆ ಗತಿಸಿದ್ದ ಕಾಲದಲ್ಲಿ ವಿದ್ವಾಂಸರು ಅದರ ಅಂಗಳದ ಅಳತೆಯನ್ನೂ ಯಾಜಕರ ಬೆಳಗಿನ ಕೆಲಸದ ಕ್ರಮವನ್ನೂ ಬಾಯಿಪಾಠವಾಗಿ ಕಾಪಾಡಿ ಮುಂದಿನವರಿಗೆ ಒಪ್ಪಿಸಿದರು.

ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಮಿಶ್ನಾದ ಈ ಭಾಗಕ್ಕೆ ವಿಸ್ತಾರವಾದ ವಿವರಣೆ ಬೆಳೆದದ್ದು ಜೆರುಸಲೇಮ್‌ನಿಂದ ನೂರಾರು ಹರದಾರಿ ದೂರದ ಬಾಬಿಲೋನಿಯಾದಲ್ಲಿ. ಮಿಶ್ನಾದ ವಿವರಣೆಯಾದ ಬಾಬಿಲೋನಿಯಾದ ತಾಲ್ಮುದ್‌ನಲ್ಲಿ ಕೊದಾಶಿಮ್‌ನ ಮೇಲೆ ದೀರ್ಘ ಚರ್ಚೆಗಳಿವೆ. ಪ್ಯಾಲೆಸ್ಟೈನ್‌ನಲ್ಲಿ ರೂಪುಗೊಂಡ ಜೆರುಸಲೇಮ್ ತಾಲ್ಮುದ್‌ನಲ್ಲಾದರೋ ಈ ಭಾಗ ಇಂದು ಲಭ್ಯವೇ ಇಲ್ಲ. ಆ ಕೊರತೆ ಪಂಡಿತರನ್ನು ಎಷ್ಟು ಕಾಡಿತ್ತೆಂದರೆ, 1907ರಲ್ಲಿ ಕಳೆದುಹೋದ ಭಾಗ ಸಿಕ್ಕಿತೆಂದು ಒಂದು ಗ್ರಂಥ ಅಚ್ಚಾದಾಗ ಹಲವರು ಹರ್ಷದಿಂದ ಸ್ವಾಗತಿಸಿದರು. ಬಳಿಕ ಅದು ಕೃತಕ ರಚನೆಯೆಂದು ಸಾಬೀತಾಯಿತು.

ಶಾಸ್ತ್ರದೊಳಗೆ ಏನಿದೆ

ಬಲಿಶಾಸ್ತ್ರವೆಂದರೆ ಪ್ರಾಣಿಯನ್ನು ಕೊಯ್ಯುವ ಕ್ರಮವಷ್ಟೇ ಎಂದು ಭಾವಿಸಿದರೆ ಈ ಗ್ರಂಥಗಳ ಸ್ವರೂಪ ಅರ್ಥವಾಗುವುದಿಲ್ಲ. ಬೈಬಲಿನ ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳಲ್ಲಿ ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕ ಯಜ್ಞ, ಪ್ರಾಯಶ್ಚಿತ್ತಯಜ್ಞ ಎಂಬ ಬಗೆಗಳು ಬರುತ್ತವೆ. ಮೊದಲನೆಯದು ಪೂರ್ತಿಯಾಗಿ ವೇದಿಯ ಮೇಲೆ ದಹನವಾಗುತ್ತದೆ. ಸಮಾಧಾನಯಜ್ಞದಲ್ಲಿ ವೇದಿಗೆ, ಯಾಜಕರಿಗೆ ಮತ್ತು ಅರ್ಪಿಸಿದವನ ಮನೆಯವರಿಗೆ ಪಾಲು ಸಲ್ಲುತ್ತದೆ. ಪ್ರಾಣಿಬಲಿಯಲ್ಲಿ ರಕ್ತಕ್ಕೆ ಸಂಬಂಧಿಸಿದ ನಾಲ್ಕು ಕ್ರಿಯೆಗಳನ್ನು ರಬ್ಬಿಗಳು ಗುರುತಿಸುತ್ತಾರೆ: ಕೊಯ್ಯುವುದು, ರಕ್ತವನ್ನು ಪಾತ್ರೆಯಲ್ಲಿ ಹಿಡಿಯುವುದು, ವೇದಿಯ ಬಳಿಗೆ ಒಯ್ಯುವುದು, ವೇದಿಗೆ ಎರಚುವುದು. ಕೊಯ್ಯುವ ಕೆಲಸವನ್ನು ಯಾಜಕನಲ್ಲದವನೂ ಮಾಡಬಹುದು. ರಕ್ತವನ್ನು ಹಿಡಿಯುವುದರಿಂದ ಮುಂದಿನದೆಲ್ಲ ಯಾಜಕನದೇ. ಕೊಲ್ಲುವುದಕ್ಕಿಂತ ಅರ್ಪಿಸುವುದೇ ಮುಖ್ಯವೆಂಬ ತತ್ತ್ವ ಈ ವಿಭಜನೆಯಲ್ಲಿಯೇ ಅಡಗಿದೆ.

ಜೆವಾಹಿಮ್ ಪ್ರಕರಣದ ಮೊದಲ ವಾಕ್ಯವೇ ಮನಸ್ಸಿನ ಕುರಿತದ್ದು. ಒಂದು ಬಗೆಯ ಬಲಿಗೆಂದು ಮೀಸಲಿಟ್ಟ ಪ್ರಾಣಿಯನ್ನು ಬೇರೆ ಬಗೆಯದೆಂಬ ಸಂಕಲ್ಪದಿಂದ ಕೊಯ್ದರೆ ಏನಾಗುತ್ತದೆ? ಬಲಿ ಅಸಿಂಧುವಾಗುವುದಿಲ್ಲ, ಆದರೆ ಅರ್ಪಿಸಿದವನ ಹೊಣೆ ತೀರುವುದಿಲ್ಲ, ಪಸ್ಕದ ಬಲಿ ಮತ್ತು ದೋಷಪರಿಹಾರಕ ಯಜ್ಞಗಳಲ್ಲಾದರೆ ಬಲಿಯೇ ಕೆಡುತ್ತದೆ ಎಂದು ಮಿಶ್ನಾ ಉತ್ತರಿಸುತ್ತದೆ. ಇದಕ್ಕಿಂತ ಕಠಿಣವಾದದ್ದು ಪಿಗ್ಗೂಲ್ ಎಂಬ ವಿಧಿ. ಯಾಜಕನು ಎಲ್ಲ ಕ್ರಿಯೆಗಳನ್ನೂ ಲೋಪವಿಲ್ಲದೆ ನಡೆಸಿದರೂ, ಆ ಮಾಂಸವನ್ನು ನಿಗದಿಯಾದ ಅವಧಿ ಮೀರಿದ ಮೇಲೆ ತಿನ್ನುವ ಯೋಚನೆಯಿಂದ ಅವನ್ನು ನಡೆಸಿದ್ದರೆ ಆ ಯೋಚನೆಯೊಂದರಿಂದಲೇ ಬಲಿ ತಿರಸ್ಕೃತವಾಗುತ್ತದೆ. ಯೋಚನೆ ಯಾವ ಹಂತದಲ್ಲಿ ಬಂತು, ಯಾರಿಗೆ ಬಂತು, ಎರಡು ಯೋಚನೆಗಳು ಒಂದಾದರೆ ಯಾವುದು ಗಣ್ಯ ಎಂಬ ಪ್ರಶ್ನೆಗಳಿಗೆ ಪುಟಗಟ್ಟಲೆ ಚರ್ಚೆಯಿದೆ. ಹೊರಗಿನ ಕ್ರಿಯೆ ಮತ್ತು ಒಳಗಿನ ಸಂಕಲ್ಪಗಳ ಸಂಬಂಧವನ್ನು ಇಷ್ಟು ಆಳವಾಗಿ ಶೋಧಿಸಿದ ಕಾನೂನು ಸಾಹಿತ್ಯ ವಿರಳ.

ಕಿನ್ನಿಮ್ ಎಂಬ ಪುಟ್ಟ ಪ್ರಕರಣ ಬೇರೊಂದು ದಿಕ್ಕಿನದು. ಹೆರಿಗೆಯಾದ ಬಡ ತಾಯಿ ಎರಡು ಹಕ್ಕಿಗಳನ್ನು ತರಬೇಕು. ಒಂದು ಸರ್ವಾಂಗಹೋಮಕ್ಕೆ, ಇನ್ನೊಂದು ದೋಷಪರಿಹಾರಕ್ಕೆ. ವೇದಿಯ ನಡುವೆ ಎಳೆದ ಕೆಂಪು ಗೆರೆಯ ಮೇಲ್ಭಾಗದಲ್ಲಿ ಒಂದರ ರಕ್ತ ಸಲ್ಲಬೇಕು, ಕೆಳಭಾಗದಲ್ಲಿ ಇನ್ನೊಂದರದು. ಹಲವು ಹೆಂಗಸರ ಹಕ್ಕಿಗಳು ಬೆರೆತುಹೋದರೆ, ಒಂದು ಗುಂಪಿನಿಂದ ಮತ್ತೊಂದಕ್ಕೆ ಹಕ್ಕಿಯೊಂದು ಹಾರಿದರೆ, ಎಷ್ಟು ಅರ್ಪಣೆಗಳು ಸಿಂಧುವಾಗಿ ಉಳಿದವು? ದೇವಾಲಯವೇ ಇಲ್ಲದ ಕಾಲದಲ್ಲಿ ಈ ಲೆಕ್ಕ ಬಿಡಿಸಲು ಕುಳಿತವರು ಯಾವುದೋ ಬಡ ಹೆಂಗಸಿನ ಅರ್ಪಣೆ ವ್ಯರ್ಥವಾಗಬಾರದೆಂಬ ಕಾಳಜಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಮೆನಾಹೋತ್ ಪ್ರಕರಣದ ಮಿಶ್ನಾ ಮುಗಿಯುವುದೂ ಇದೇ ಭಾವದಲ್ಲಿ: ದನದ ಹೋಮಕ್ಕೂ ಹಕ್ಕಿಯ ಹೋಮಕ್ಕೂ ಹಿಟ್ಟಿನ ನೈವೇದ್ಯಕ್ಕೂ ಧರ್ಮಗ್ರಂಥ ಒಂದೇ ಮಾತನ್ನು ಬಳಸಿದೆ, ಹೆಚ್ಚು ಕೊಟ್ಟವನೂ ಕಡಿಮೆ ಕೊಟ್ಟವನೂ ಸಮಾನರು, ಹೃದಯ ದೇವರ ಕಡೆಗಿದ್ದರೆ ಸಾಕು.

ಓದೇ ಅರ್ಪಣೆ ಎಂಬ ನಿಲುವು

ಬಲಿಯಿಲ್ಲದ ಕಾಲದಲ್ಲಿ ಈ ಓದಿನ ಪ್ರಯೋಜನವೇನು ಎಂಬ ಪ್ರಶ್ನೆಯನ್ನು ತಾಲ್ಮುದ್ ತಾನೇ ಎತ್ತುತ್ತದೆ. ಜೆವಾಹಿಮ್‌ನಲ್ಲಿ ಅಸಿಂಧುವಾದ ಬಲಿಯೊಂದರ ವಿಷಯದಲ್ಲಿ ಅಂತಿಮ ತೀರ್ಪು ಇಂಥದು ಎಂದು ಹೇಳಿದಾಗ, ಯೆಹೂದಿಗಳು ಎದುರುನೋಡುವ ವಿಮೋಚಕನಾದ ಮೆಸ್ಸೀಯನ ಕಾಲಕ್ಕೆ ಬೇಕಾದ ತೀರ್ಪು ಈಗೇಕೆ ಎಂಬ ಆಕ್ಷೇಪ ಬರುತ್ತದೆ. ಹಾಗಾದರೆ ಬಲಿಯ ಪ್ರಕರಣವನ್ನೇ ಕಲಿಯಬಾರದಲ್ಲವೇ, ನಾವು ಕಲಿಯುವುದು ಕಲಿತದ್ದರ ಫಲಕ್ಕಾಗಿ ಎಂದು ಅಬಾಯೇ ಎಂಬ ವಿದ್ವಾಂಸರು ಉತ್ತರಿಸುತ್ತಾರೆ. ಮೆನಾಹೋತ್‌ನ ಕೊನೆಯ ಪುಟದಲ್ಲಿ ರಬ್ಬಿ ಯಿತ್ಜಾಕ್ ಇನ್ನೂ ಮುಂದೆ ಹೋಗಿ, ದೋಷಪರಿಹಾರಕ ಯಜ್ಞದ ವಿಧಿಯನ್ನು ಅಧ್ಯಯನ ಮಾಡುವವನು ಆ ಯಜ್ಞವನ್ನೇ ಅರ್ಪಿಸಿದಂತೆ ಎನ್ನುತ್ತಾರೆ. ದಿನದ ಪ್ರಾರ್ಥನೆಗಳನ್ನು ನಿತ್ಯಬಲಿಯ ವೇಳೆಗೆ ಹೊಂದಿಸಲಾಗಿದೆಯೆಂಬ ಅಭಿಪ್ರಾಯವೂ ತಾಲ್ಮುದ್‌ನಲ್ಲಿದೆ. ದೇವಾಲಯದ ಅವಶೇಷಗಳನ್ನು ಕಂಡು ಮರುಗಿದ ಶಿಷ್ಯನಿಗೆ ರಬ್ಬಾನ್ ಯೋಹಾನಾನ್ ಬೆನ್ ಜಕ್ಕಾಯ್, ದಯೆಯ ಕೆಲಸವೂ ಅಷ್ಟೇ ಪರಿಹಾರ ಎಂದು ಪ್ರವಾದಿ ಹೋಶೇಯನ ಮಾತನ್ನು ನೆನಪಿಸಿ ಸಮಾಧಾನ ಹೇಳಿದರೆಂಬ ಕಥೆ ಪ್ರಸಿದ್ಧವಾಗಿದೆ.

ಬಲಿಗೆ ಬದಲಿಯನ್ನು ಕಂಡುಕೊಳ್ಳುವುದು ಕನ್ನಡನಾಡಿಗೆ ಹೊಸದಲ್ಲ. ಮಾಧ್ವ ಪರಂಪರೆ ಯಜ್ಞಪಶುವಿನ ಬದಲಿಗೆ ಹಿಟ್ಟಿನಿಂದ ಮಾಡಿದ ಪಿಷ್ಟಪಶುವನ್ನು ಅಂಗೀಕರಿಸಿತು. ಅಲ್ಲಿ ಯಜ್ಞ ಉಳಿದು ದ್ರವ್ಯ ಬದಲಾಯಿತು. ರಬ್ಬಿಗಳಿಗೆ ಆ ದಾರಿ ತೆರೆದಿರಲಿಲ್ಲ, ಏಕೆಂದರೆ ಅವರಿಗೆ ಇಲ್ಲವಾದದ್ದು ಸ್ಥಳ. ಹೀಗಾಗಿ ಕ್ರಿಯೆಯ ಜಾಗದಲ್ಲಿ ಅದರ ವಿಚಾರವನ್ನೇ ಕೂರಿಸಬೇಕಾಯಿತು, ಮತ್ತು ಆ ವಿಚಾರ ಎಷ್ಟು ನಿಖರವೋ ಅಷ್ಟು ಅರ್ಪಣೆಗೆ ಸಮೀಪ ಎಂಬ ನಂಬಿಕೆ ಬೆಳೆಯಿತು. ಗ್ರಂಥಗಳಲ್ಲಿ ಕಾಣುವ ಅತಿಸೂಕ್ಷ್ಮತೆಗೆ ಇದು ಮುಖ್ಯ ಕಾರಣ.

ಮೈಮೊನಿಡೀಸ್‌ರ ಎರಡು ಮಾತುಗಳು

ಓದು ಬದಲಿಯೋ ಸಿದ್ಧತೆಯೋ ಎಂಬ ದ್ವಂದ್ವ ಎದ್ದು ಕಾಣುವುದು 12ನೇ ಶತಮಾನದ ಯೆಹೂದಿ ದಾರ್ಶನಿಕ ಮೈಮೊನಿಡೀಸ್‌ರಲ್ಲಿ. ಅವರ ಮಿಶ್ನೆ ತೋರಾ ಎಂಬ ಧರ್ಮಸಂಹಿತೆಯ 14 ಭಾಗಗಳಲ್ಲಿ ಎಂಟನೆಯದೂ ಒಂಬತ್ತನೆಯದೂ ದೇವಾಲಯದ ಸೇವೆ ಮತ್ತು ಬಲಿಗಳಿಗೆ ಮೀಸಲು. ಮೆಸ್ಸೀಯನು ಬಂದು ದೇವಾಲಯವನ್ನು ಕಟ್ಟಿದಾಗ ಬಲಿಗಳು ಮರಳಿ ಆರಂಭವಾಗುತ್ತವೆಂದು ಅವರು ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಅದೇ ಲೇಖಕರು ತಮ್ಮ ತತ್ತ್ವಶಾಸ್ತ್ರದ ಗ್ರಂಥದಲ್ಲಿ, ಅಂದಿನ ಜನರೆಲ್ಲ ಬಲಿಯ ಮೂಲಕವೇ ಪೂಜಿಸುವ ರೂಢಿಯಲ್ಲಿದ್ದುದರಿಂದ ಅವರನ್ನು ಒಮ್ಮೆಲೇ ಅದರಿಂದ ಬಿಡಿಸಲಾಗದೆ, ವಿಗ್ರಹಗಳ ಕಡೆಯಿಂದ ತನ್ನ ಕಡೆಗೆ ತಿರುಗಿಸಿಕೊಳ್ಳಲು ದೇವರು ಆ ಪದ್ಧತಿಯನ್ನು ಉಳಿಸಿದನೆಂದು ವಿವರಿಸುತ್ತಾರೆ. 13ನೇ ಶತಮಾನದ ನಹ್ಮನಿಡೀಸ್ ಈ ವಿವರಣೆಯನ್ನು ಕಟುವಾಗಿ ವಿರೋಧಿಸಿದರು. ಆದಮನ ಮಕ್ಕಳೂ ನೋಹನೂ ಬಲಿ ಅರ್ಪಿಸಿದಾಗ ಬಿಡಿಸಬೇಕಾದ ವಿಗ್ರಹಾರಾಧನೆ ಎಲ್ಲಿತ್ತು ಎಂಬುದು ಅವರ ಪ್ರಶ್ನೆ.

ಆಧುನಿಕ ಕಾಲದ ಪಂಗಡಗಳು ಈ ಎರಡು ಧಾರೆಗಳಿಂದಲೂ ತಮಗೆ ಬೇಕಾದದ್ದನ್ನು ತೆಗೆದುಕೊಂಡಿವೆ. ಸುಧಾರಣಾವಾದಿ ಯೆಹೂದಿಗಳು 19ನೇ ಶತಮಾನದಿಂದಲೇ ಬಲಿಯ ಪುನರಾರಂಭಕ್ಕಾಗಿ ಇದ್ದ ಪ್ರಾರ್ಥನೆಗಳನ್ನು ಕೈಬಿಡುತ್ತ ಬಂದರು. ಅಮೆರಿಕದ ಕನ್ಸರ್ವೇಟಿವ್ ಪಂಥ ಮಧ್ಯದ ದಾರಿ ಹಿಡಿದು, ಪ್ರಾರ್ಥನೆಯಲ್ಲಿದ್ದ ‘ಅಲ್ಲಿ ನಾವು ಅರ್ಪಿಸುವೆವು’ ಎಂಬುದನ್ನು ‘ಅಲ್ಲಿ ನಮ್ಮ ಪೂರ್ವಜರು ಅರ್ಪಿಸಿದರು’ ಎಂದು ಬದಲಿಸಿತು. ಸನಾತನ (ಆರ್ಥಡಾಕ್ಸ್) ಪಂಥದ ಯೆಹೂದಿಗಳು ಹಳೆಯ ಪಾಠವನ್ನೇ ದಿನವೂ ಹೇಳುತ್ತಾರೆ. ಆದರೆ ಹಾಗೆ ಹೇಳುವವರಲ್ಲಿ ಹೆಚ್ಚಿನವರು ನಾಳೆಯೇ ಬಲಿ ಆರಂಭಿಸಬೇಕೆಂದು ಬಯಸುವುದಿಲ್ಲ. ಹೊರಗಿನ ವರದಿಗಳಲ್ಲಿ ಈ ವ್ಯತ್ಯಾಸವೇ ಹೆಚ್ಚಾಗಿ ಮರೆಯಾಗುತ್ತದೆ.

ಓದು ಸಿದ್ಧತೆಯಾದ ಬಗೆ

ಬಲಿಯನ್ನು ನಿಜಕ್ಕೂ ಪುನರಾರಂಭಿಸಬಹುದೇ ಎಂಬ ಶಾಸ್ತ್ರೀಯ ವಾದಕ್ಕೆ ಆಧುನಿಕ ರೂಪ ಕೊಟ್ಟವರು ಪ್ರಷ್ಯದ ರಬ್ಬಿ ಜ್ವಿ ಹಿರ್ಶ್ ಕಾಲಿಶರ್ (1795–1874). ದೇವಾಲಯವಿಲ್ಲದಿದ್ದರೂ ಬಲಿ ಅರ್ಪಿಸಬಹುದೆಂದು ಕೇಳಿದ್ದೇನೆ ಎಂಬ ರಬ್ಬಿ ಯೆಹೋಶುವಾರ ಮಾತು ಮಿಶ್ನಾದಲ್ಲಿದೆ, ಮೈಮೊನಿಡೀಸ್ ಅದನ್ನು ಒಪ್ಪಿದ್ದಾರೆ. ಇದರ ಆಧಾರದ ಮೇಲೆ ಕಾಲಿಶರ್ ತಮ್ಮ ಕಾಲದ ಹಿರಿಯರಾದ ರಬ್ಬಿ ಅಕಿವಾ ಈಗರ್ ಅವರೊಡನೆ ದೀರ್ಘವಾಗಿ ಪತ್ರ ವ್ಯವಹಾರ ನಡೆಸಿದರು. ಈಗರ್ ಒಪ್ಪಲಿಲ್ಲ. ಮುಂದೆ ಜರ್ಮನಿಯ ರಬ್ಬಿ ಯಾಕೋಬ್ ಎಟ್ಲಿಂಗರ್, ನಿಮ್ಮ ಹೋಮದ ಸುವಾಸನೆಯನ್ನು ನಾನು ಮೂಸಿ ನೋಡುವುದಿಲ್ಲ ಎಂಬ ಯಾಜಕಕಾಂಡದ ಶಾಪವಾಕ್ಯವನ್ನು ಎತ್ತಿ ತೋರಿಸಿ, ಪವಿತ್ರಸ್ಥಳ ಹಾಳುಬಿದ್ದಿರುವವರೆಗೆ ದೇವರಿಗೆ ಆ ಅರ್ಪಣೆ ಬೇಕಿಲ್ಲವೆಂದು ವಾದಿಸಿದರು.

ಕೆಲವು ದಶಕಗಳ ನಂತರ ಹಫೆತ್ಜ್ ಹಾಯೀಮ್ ಎಂದು ಹೆಸರಾದ ರಬ್ಬಿ ಇಸ್ರೇಲ್ ಮೆಯೀರ್ ಕಗಾನ್ (1838–1933) ಇಂದಿನ ಬೆಲಾರುಸ್‌ನ ರಾದಿನ್ ಊರಿನಲ್ಲಿ ಕೊದಾಶಿಮ್ ಅಧ್ಯಯನಕ್ಕೆಂದೇ ವಿದ್ವಾಂಸರ ಗುಂಪೊಂದನ್ನು ಕಟ್ಟಿದರು. ವಿಮೋಚನೆಯ ಕಾಲ ಸಮೀಪಿಸುತ್ತಿದೆ, ಆಗ ಯಾಜಕರಿಗೆ ತಮ್ಮ ಕೆಲಸ ತಿಳಿದಿರಬೇಕು ಎಂಬುದು ಅವರ ನಂಬಿಕೆಯಾಗಿತ್ತು; ಅವರು ಸ್ವತಃ ಯಾಜಕ ವಂಶದವರು. ಆದರೂ ಅವರ ಸಿದ್ಧತೆ ಓದಿನ ಕೋಣೆಯ ಒಳಗೇ ಇತ್ತು. ಬ್ರಿಸ್ಕ್ ಪರಂಪರೆಯ ಸೊಲೊವೆಯ್ಚಿಕ್ ಮನೆತನ ಇದೇ ಪ್ರಕರಣಗಳನ್ನು ತನ್ನ ತಾರ್ಕಿಕ ವಿಶ್ಲೇಷಣೆಯ ಮುಖ್ಯ ಕ್ಷೇತ್ರವಾಗಿಸಿಕೊಂಡಿತು. ಆಚರಣೆಯ ಒತ್ತಡವಿಲ್ಲದ ಕಾರಣ ಇಲ್ಲಿ ಪರಿಕಲ್ಪನೆಗಳನ್ನು ಶುದ್ಧರೂಪದಲ್ಲಿ ಪರೀಕ್ಷಿಸಲು ಸಾಧ್ಯವಾಗುತ್ತಿತ್ತು. ಇಂದಿಗೂ ಜೆರುಸಲೇಮ್‌ನ ಬ್ರಿಸ್ಕ್ ವಿದ್ಯಾಲಯಗಳಲ್ಲಿ ಕೊದಾಶಿಮ್‌ಗೆ ಅಗ್ರಸ್ಥಾನವಿದೆ. ದಿನಕ್ಕೊಂದು ಹಾಳೆಯಂತೆ ತಾಲ್ಮುದ್ ಓದುವ ದಾಫ್ ಯೋಮಿ ಎಂಬ ಕ್ರಮವೂ ಇದೆ. 1923ರಲ್ಲಿ ಆರಂಭವಾದ ಈ ಕ್ರಮದಲ್ಲಿ 2,711 ಹಾಳೆಗಳ ಒಂದು ಸುತ್ತಿಗೆ ಸುಮಾರು ಏಳೂವರೆ ವರ್ಷ ಹಿಡಿಯುತ್ತದೆ. ಈಗಿನ ಸುತ್ತು 2025ರ ಸೆಪ್ಟೆಂಬರ್‌ನಲ್ಲಿ ಜೆವಾಹಿಮ್ ಪ್ರವೇಶಿಸಿತು, 2027ರ ಜೂನ್‌ನಲ್ಲಿ ಮುಗಿಯುವ ಮುನ್ನ ಕೊದಾಶಿಮ್ ಪೂರ್ತಿಯಾಗಿ ಓದಿಸಿಕೊಳ್ಳುತ್ತದೆ. ವಕೀಲರು, ವ್ಯಾಪಾರಿಗಳು, ನಿವೃತ್ತರು ಬೆಳಗಿನ ಹೊತ್ತು ಕುಳಿತು ಬಲಿಯ ವಿಧಿಗಳನ್ನು ಓದುತ್ತಾರೆಂದರೆ ಅವರೆಲ್ಲ ದೇವಾಲಯವಿದ್ದ ಬೆಟ್ಟ ಹತ್ತಲು ಸಜ್ಜಾಗುತ್ತಿದ್ದಾರೆಂದು ತಿಳಿಯುವುದು ದೊಡ್ಡ ತಪ್ಪು.

ತಿರುವು ಬಂದದ್ದು 1967ರಲ್ಲಿ. ಆರು ದಿನಗಳ ಯುದ್ಧದಲ್ಲಿ ಇಸ್ರೇಲ್ ಹಳೆಯ ನಗರವನ್ನು ವಶಪಡಿಸಿಕೊಂಡಾಗ, ಯೆಹೂದಿಗಳು ದೇವಾಲಯ ಬೆಟ್ಟವೆಂದೂ ಮುಸ್ಲಿಮರು ಹರಮ್ ಅಲ್-ಶರೀಫ್ ಎಂದೂ ಕರೆಯುವ, ಅಲ್-ಅಕ್ಸಾ ಮಸೀದಿ ಇರುವ ಆವರಣ ಪ್ರಾಚೀನ ಕಾಲದ ನಂತರ ಮೊದಲ ಬಾರಿಗೆ ಯೆಹೂದಿ ರಾಜ್ಯವೊಂದರ ಕೈಗೆ ಬಂತು. ಸರ್ಕಾರ ಆವರಣದ ಆಡಳಿತವನ್ನು ಮುಸ್ಲಿಂ ವಕ್ಫ್‌ಗೇ ಬಿಟ್ಟುಕೊಟ್ಟಿತು. ಇತರರು ಭೇಟಿ ಕೊಡಬಹುದು, ಪ್ರಾರ್ಥಿಸುವುದು ಮುಸ್ಲಿಮರು ಮಾತ್ರ ಎಂಬ ಯಥಾಸ್ಥಿತಿ ನೆಲೆಗೊಂಡಿತು. ಇಸ್ರೇಲಿನ ಅಧಿಕೃತ ಧಾರ್ಮಿಕ ಮಂಡಳಿಯಾದ ಮುಖ್ಯ ರಬ್ಬಿನೇಟ್ ಪ್ರವೇಶದ್ವಾರದಲ್ಲಿ ಯೆಹೂದಿಗಳು ಒಳಗೆ ಹೋಗುವುದು ಧರ್ಮಶಾಸ್ತ್ರಕ್ಕೆ ವಿರುದ್ಧವೆಂಬ ಫಲಕ ಹಾಕಿತು. ಅಲ್ಲಿಯವರೆಗೆ ಸ್ಥಳವಿಲ್ಲ ಎಂಬುದೇ ದೊಡ್ಡ ಅಡ್ಡಿಯಾಗಿತ್ತು. ಅದು ಹೋದಮೇಲೆ ಮಿಕ್ಕ ಅಡ್ಡಿಗಳನ್ನು ಒಂದೊಂದಾಗಿ ತೆಗೆಯಬಹುದೆಂಬ ಆಸೆ ಒಂದು ಸಣ್ಣ ಗುಂಪಿನಲ್ಲಿ ಹುಟ್ಟಿತು. 1987ರಲ್ಲಿ ಸ್ಥಾಪನೆಯಾದ ದೇವಾಲಯ ಸಂಸ್ಥೆ ಶಾಸ್ತ್ರದಲ್ಲಿ ಹೇಳಿದ ಪಾತ್ರೆಗಳನ್ನೂ ಯಾಜಕರ ವಸ್ತ್ರಗಳನ್ನೂ ಚಿನ್ನದ ದೀಪಸ್ತಂಭವನ್ನೂ ತಯಾರಿಸತೊಡಗಿತು.

ಕಡಸು ಏಕೆ ಬೇಕು

ಬೆಟ್ಟಕ್ಕೆ ಹೋಗಬಾರದೆಂದು ರಬ್ಬಿಗಳು ಹೇಳುವುದಕ್ಕೆ ಮೂಲ ಕಾರಣ ಶವದ ಮೈಲಿಗೆ. ಸತ್ತವರ ದೇಹವನ್ನು ಮುಟ್ಟಿದವರಿಗೂ ಅದೇ ಸೂರಿನಡಿ ಇದ್ದವರಿಗೂ ತಗಲುವ ಈ ಮೈಲಿಗೆ ಸ್ನಾನದಿಂದ ಮಾತ್ರ ಹೋಗುವುದಿಲ್ಲ. ಅರಣ್ಯಕಾಂಡದ 19ನೇ ಅಧ್ಯಾಯದ ಪ್ರಕಾರ, ಊನವಿಲ್ಲದ, ಎಂದೂ ನೊಗ ಹೊರದ ಕೆಂಪು ಆಕಳನ್ನು ದಹಿಸಿ, ಅದರ ಬೂದಿ ಬೆರೆಸಿದ ಒರತೆಯ ನೀರನ್ನು ಮೂರನೆಯ ಮತ್ತು ಏಳನೆಯ ದಿನ ಚಿಮುಕಿಸಬೇಕು. ಆ ಬೂದಿ ಇಲ್ಲವಾದ್ದರಿಂದ ಇಂದು ಎಲ್ಲರೂ ಮೈಲಿಗೆಯಲ್ಲಿದ್ದಾರೆಂದೇ ಶಾಸ್ತ್ರದ ಗಣನೆ. ಮೈಲಿಗೆಯಲ್ಲಿ ದೇವಾಲಯದ ಅಂಗಳ ಪ್ರವೇಶಿಸಿದರೆ ಅತ್ಯಂತ ಘೋರವಾದ ದೈವಿಕ ದಂಡನೆ ವಿಧಿಸಲಾಗಿದೆ.

ಇಲ್ಲಿಂದ ಸರಪಳಿ ಶುರುವಾಗುತ್ತದೆ. ಅರ್ಹವಾದ ಕಡಸು ಸಿಕ್ಕರೆ ಬೂದಿ ಸಿಗುತ್ತದೆ. ಬೂದಿ ಸಿಕ್ಕರೆ ಮೈಲಿಗೆ ಕಳೆಯುತ್ತದೆ. ಮೈಲಿಗೆ ಕಳೆದರೆ ರಬ್ಬಿನೇಟ್‌ನ ನಿಷೇಧಕ್ಕೆ ಇರುವ ಮುಖ್ಯ ಆಧಾರ ಕುಸಿಯುತ್ತದೆ. ಆಗ ಇಂದು ಧಾರ್ಮಿಕ ಕಾರಣಕ್ಕಾಗಿ ಬೆಟ್ಟದಿಂದ ದೂರವಿರುವ ಬಹುಸಂಖ್ಯಾತರು ಹತ್ತಲು ಮುಂದಾದರೆ ಯಥಾಸ್ಥಿತಿಯ ಮೇಲೆ ತಡೆಯಲಾಗದ ಒತ್ತಡ ಬೀಳುತ್ತದೆ. ಒಂದು ಕಡಸಿನ ಸುದ್ದಿ ಜೋರ್ಡಾನ್‌ನ ರಾಜಧಾನಿ ಅಮ್ಮಾನ್‌ನಲ್ಲೂ ಗಾಜಾದಲ್ಲೂ ಕಳವಳ ಹುಟ್ಟಿಸುವುದು ಈ ಕಾರಣದಿಂದ. ಮಿಶ್ನಾದ ಪಾರಾ ಪ್ರಕರಣದಲ್ಲಿ ಬಹುಮತದ ಅಭಿಪ್ರಾಯ ಆಕಳಿಗೆ ಮೂರು ಅಥವಾ ನಾಲ್ಕು ವರ್ಷ ವಯಸ್ಸಾಗಿರಬೇಕೆಂದು ಹೇಳುವುದರಿಂದ, ಟೆಕ್ಸಾಸ್‌ನಿಂದ ಎಳೆಯದರಲ್ಲೇ ಬಂದ ಕಡಸುಗಳ ಬಗ್ಗೆ 2024ರಲ್ಲಿ ಊಹಾಪೋಹ ಏರಿತು.

ಆದರೆ ಅದೇ ಪಾರಾ ಪ್ರಕರಣ ಈ ದಾರಿಗೆ ಎಷ್ಟು ತಡೆಗಳನ್ನು ಇಟ್ಟಿದೆಯೆಂಬುದನ್ನು ವರದಿಗಳು ಅಪರೂಪಕ್ಕೆ ಹೇಳುತ್ತವೆ. ಒಂದೇ ಕಡೆ ಎರಡು ಕಪ್ಪು ಅಥವಾ ಬಿಳಿ ಕೂದಲು ಕಂಡರೂ ಆಕಳು ಅನರ್ಹ. 1996ರಲ್ಲಿ ಇಸ್ರೇಲಿನ ಕ್ಫಾರ್ ಹಸೀದಿಮ್‌ನಲ್ಲಿ ಹುಟ್ಟಿ ಭಾರಿ ಸದ್ದು ಮಾಡಿದ ಮೆಲೊಡಿ ಎಂಬ ಕರು ಬಾಲದಲ್ಲಿ ಬಿಳಿ ಕೂದಲು ಮೂಡಿ ಅನರ್ಹವಾಯಿತು. ಇನ್ನೂ ಗಟ್ಟಿಯಾದ ತೊಡಕೆಂದರೆ, ಆಕಳನ್ನು ದಹಿಸುವ ಯಾಜಕನೇ ಮೈಲಿಗೆಯಿಲ್ಲದವನಾಗಿರಬೇಕು. ಹಿಂದೆ ಇದಕ್ಕಾಗಿ ಕಲ್ಲುಬಂಡೆಯ ಮೇಲೆ, ಕೆಳಗೆ ಟೊಳ್ಳು ಬಿಟ್ಟು ಕಟ್ಟಿದ ಅಂಗಳಗಳಲ್ಲಿ ಬಸುರಿಯರನ್ನು ಇರಿಸಿ, ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳನ್ನು ಹಲಗೆ ಹೊತ್ತ ಎತ್ತುಗಳ ಮೇಲೆ ಕೂರಿಸಿ ಜೆರುಸಲೇಮ್‌ನ ಸಿಲೋವಾಮ್ ಕೊಳದ ನೀರು ತರಿಸುತ್ತಿದ್ದರೆಂದು ಮಿಶ್ನಾ ವರ್ಣಿಸುತ್ತದೆ. ನೆಲದಡಿಯಲ್ಲಿ ಇರಬಹುದಾದ ಅರಿಯದ ಸಮಾಧಿಯ ಮೈಲಿಗೆಯೂ ಅವರನ್ನು ತಟ್ಟಬಾರದೆಂಬ ಎಚ್ಚರ ಅದು. ಇದುವರೆಗೆ ಒಂಬತ್ತು ಆಕಳುಗಳಷ್ಟೇ ದಹಿಸಲ್ಪಟ್ಟಿವೆ, ಹತ್ತನೆಯದನ್ನು ಮೆಸ್ಸೀಯ ರಾಜನು ಮಾಡುತ್ತಾನೆ ಎಂಬ ಮೈಮೊನಿಡೀಸ್‌ರ ಮಾತು ಹಲವು ರಬ್ಬಿಗಳಿಗೆ ಅಂತಿಮ ತೀರ್ಪಿನಂತಿದೆ.

ಕಡಸಿಲ್ಲದೆಯೂ ತೆರೆಯುವ ಇನ್ನೊಂದು ದಾರಿ

ಹಾಗಾದರೆ ಬೂದಿಗೂ ಕಾಯದೆ ಮೇಕೆಮರಿ ಒಯ್ಯುವವರ ವಾದವೇನು? ಅವರು ಹಿಡಿದಿರುವುದು ಬೇರೊಂದು ವಿಧಿಯನ್ನು. ನಿಗದಿತ ಕಾಲವಿರುವ ಸಾರ್ವಜನಿಕ ಬಲಿಗಳನ್ನೂ ಪಸ್ಕದ ಬಲಿಯನ್ನೂ, ಸಮುದಾಯದ ಬಹುಪಾಲು ಜನ ಶವದ ಮೈಲಿಗೆಯಲ್ಲಿದ್ದರೆ ಆ ಸ್ಥಿತಿಯಲ್ಲಿಯೇ ಅರ್ಪಿಸಬಹುದೆಂದು ಶಾಸ್ತ್ರ ಅನುಮತಿಸುತ್ತದೆ. ಇದರೊಡನೆ ದೇವಾಲಯ ಕಟ್ಟಡವಿಲ್ಲದೆಯೂ ಬಲಿ ಸಲ್ಲುತ್ತದೆಂಬ ಹಿಂದಿನ ಮಾತನ್ನು ಸೇರಿಸಿದರೆ, ಒಂದು ವೇದಿ, ಒಬ್ಬ ಯಾಜಕ, ಒಂದು ಮರಿ ಇದ್ದರೆ ಸಾಕೆಂಬ ತೀರ್ಮಾನಕ್ಕೆ ಅವರು ಬರುತ್ತಾರೆ. ಪಸ್ಕದ ಬಲಿಯನ್ನು ಬಿಟ್ಟವನಿಗೆ ಘೋರ ದಂಡನೆ ಹೇಳಿರುವುದರಿಂದ ಪ್ರಯತ್ನಿಸದಿರುವುದೇ ಪಾಪವೆಂಬುದು ಅವರ ಅಳಲು. ಅದರಲ್ಲಿ ಪ್ರಾಮಾಣಿಕ ಭಕ್ತಿ ಇಲ್ಲವೆಂದು ಹೇಳಲಾಗದು.

ವಾದದ ದೌರ್ಬಲ್ಯ ಇರುವುದು ವೇದಿಯ ಸ್ಥಾನದಲ್ಲಿ. ವೇದಿಯ ಸ್ಥಾನ ಅತ್ಯಂತ ನಿಖರವಾದದ್ದು, ಅದನ್ನು ಎಂದಿಗೂ ಬದಲಿಸುವಂತಿಲ್ಲ ಎಂದು ಮೈಮೊನಿಡೀಸ್ ಬರೆದಿದ್ದಾರೆ. ಬಾಬಿಲೋನಿನ ಸೆರೆಯಿಂದ ಮರಳಿದವರಿಗೂ ಆ ಸ್ಥಾನವನ್ನು ತೋರಿಸಲು ಪ್ರವಾದಿಯೇ ಬೇಕಾಯಿತೆಂದು ಜೆವಾಹಿಮ್ ಹೇಳುತ್ತದೆ. ದೇವಾಲಯ ಬೆಟ್ಟ 500 ಮೊಳ ಉದ್ದ, 500 ಮೊಳ ಅಗಲ ಎಂದು ಮಿದ್ದೋತ್ ಅಳತೆ ಕೊಟ್ಟರೂ, ಒಂದು ಮೊಳವೆಂದರೆ 48 ಸೆಂಟಿಮೀಟರೋ 57.6 ಸೆಂಟಿಮೀಟರೋ ಎಂಬುದೇ ಇತ್ಯರ್ಥವಾಗಿಲ್ಲ. ಒಂದು ಲೆಕ್ಕದಲ್ಲಿ ಪಕ್ಕವೊಂದಕ್ಕೆ 240 ಮೀಟರ್, ಇನ್ನೊಂದರಲ್ಲಿ 288 ಮೀಟರ್. ರಾಜ ಹೆರೋದನು ವಿಸ್ತರಿಸಿದ ಇಂದಿನ ಆವರಣವಾದರೋ ಸುಮಾರು 14 ಹೆಕ್ಟೇರ್‌ನಷ್ಟಿದೆ. ಯಾಜಕರ ವಂಶಾವಳಿಯ ಖಚಿತತೆ, ಅವರ ವಸ್ತ್ರಕ್ಕೆ ಬೇಕಾದ ನೀಲಿ ಬಣ್ಣ ಯಾವ ಕಡಲ ಜೀವಿಯಿಂದ ಬರುತ್ತಿತ್ತೆಂಬ ವಿವಾದ ಮೊದಲಾದ ತೊಡಕುಗಳು ಬೇರೆ ಇವೆ.

ಮಿದ್ದೋತ್‌ನ ಇದೇ ಅಳತೆ ಇನ್ನೊಂದು ಬಗೆಯಲ್ಲಿಯೂ ಬಳಕೆಯಾಗುತ್ತಿದೆ. ಹೆರೋದನು ಸೇರಿಸಿದ ಭಾಗ ಮೂಲ ಪವಿತ್ರಭೂಮಿಯಲ್ಲ, ಆದ್ದರಿಂದ ಸ್ನಾನಮಾಡಿ ಅಲ್ಲಿ ಓಡಾಡಬಹುದೆಂದು 1967ರಲ್ಲಿ ಸೇನೆಯ ಮುಖ್ಯ ರಬ್ಬಿಯಾಗಿದ್ದ ಶ್ಲೋಮೋ ಗೋರೆನ್ ನಕ್ಷೆ ತಯಾರಿಸಿ ವಾದಿಸಿದರು. ಇಂದು ಬೆಟ್ಟ ಹತ್ತುವ ರಾಷ್ಟ್ರೀಯ ಧಾರ್ಮಿಕ ಪಂಥದ ಯೆಹೂದಿಗಳು ಆಶ್ರಯಿಸುವುದು ಈ ಬಗೆಯ ತರ್ಕವನ್ನೇ.

ಯಾರು ಯಾವ ಕಡೆ

ಬಲಿಶಾಸ್ತ್ರವನ್ನು ಅತ್ಯಂತ ಆಳವಾಗಿ ಓದುವ ಹರೇದಿ (ಕಟ್ಟಾ ಸಂಪ್ರದಾಯಸ್ಥ) ಪಂಡಿತರು ಬೆಟ್ಟ ಹತ್ತುವುದನ್ನು ಅತ್ಯಂತ ಬಲವಾಗಿ ವಿರೋಧಿಸುತ್ತಾರೆ. ರಬ್ಬಿ ಒವಾದಿಯಾ ಯೋಸೆಫ್, ರಬ್ಬಿ ಶ್ಲೋಮೋ ಜಲ್ಮಾನ್ ಔರ್ಬಾಕ್‌ರಂಥ ಹಿರಿಯರು ಪ್ರವೇಶವನ್ನೇ ನಿಷೇಧಿಸಿದ್ದರು. ಇದು ವಿರೋಧಾಭಾಸದಂತೆ ಕಂಡರೂ ಕಾರಣ ಸರಳ: ಶಾಸ್ತ್ರವನ್ನು ಪೂರ್ತಿಯಾಗಿ ಬಲ್ಲವನಿಗೆ ಅದರ ತಡೆಗಳೂ ಪೂರ್ತಿಯಾಗಿ ಕಾಣುತ್ತವೆ. ಅನುಮತಿಯ ವಾಕ್ಯವೊಂದನ್ನು ಮಾತ್ರ ಕಿತ್ತುಕೊಂಡು ಹೊರಟವನಿಗೆ ಶಾಸ್ತ್ರ ಅವಸರದ ಆಜ್ಞೆಯಂತೆ ಕೇಳುತ್ತದೆ. ಕೊದಾಶಿಮ್ ಓದನ್ನು ಬೆಟ್ಟದ ರಾಜಕಾರಣದೊಡನೆ ಒಂದೇ ಎಂದು ಪರಿಗಣಿಸುವವರು, ಅವರು ಬೆಂಬಲಿಗರಿರಲಿ ವಿರೋಧಿಗಳಿರಲಿ, ಆ ಓದಿಗೆ ಅನ್ಯಾಯ ಮಾಡುತ್ತಾರೆ.

ಪ್ಯಾಲೆಸ್ಟೀನಿಯರ ಭಯಕ್ಕೂ ಗಟ್ಟಿಯಾದ ಆಧಾರಗಳಿವೆ. 1990ರ ಅಕ್ಟೋಬರ್‌ನಲ್ಲಿ ದೇವಾಲಯದ ಅಡಿಗಲ್ಲು ಇಡುವ ಪ್ರಯತ್ನದ ಸುದ್ದಿಯಿಂದ ಹೊತ್ತಿಕೊಂಡ ಘರ್ಷಣೆಯಲ್ಲಿ ಆವರಣದೊಳಗೆ ಹಲವು ಪ್ಯಾಲೆಸ್ಟೀನಿಯರು ಗುಂಡಿಗೆ ಬಲಿಯಾದರು. 2000ದ ಸೆಪ್ಟೆಂಬರ್‌ನಲ್ಲಿ ಅರಿಯೆಲ್ ಶರೋನ್ ಅಲ್ಲಿಗೆ ಹೋದ ಬೆನ್ನಿಗೇ ಪ್ಯಾಲೆಸ್ಟೀನಿಯರ ಎರಡನೆಯ ಬಂಡಾಯವಾದ ಇಂತಿಫಾದಾ ಆರಂಭವಾಯಿತು. ಹೆಬ್ರಾನ್‌ನ ಇಬ್ರಾಹಿಮಿ ಮಸೀದಿ 1994ರ ಹತ್ಯಾಕಾಂಡದ ನಂತರ ಎರಡು ಸಮುದಾಯಗಳ ನಡುವೆ ಹಂಚಿಹೋದದ್ದು ಅವರ ಕಣ್ಣಮುಂದಿದೆ. ಅಲ್-ಅಕ್ಸಾಗೂ ಅದೇ ಗತಿ ಬರಬಹುದೆಂದು ಅವರು ನಂಬುತ್ತಾರೆ. 1994ರ ಶಾಂತಿ ಒಪ್ಪಂದದಲ್ಲಿ ಜೆರುಸಲೇಮ್‌ನ ಮುಸ್ಲಿಂ ಪವಿತ್ರಸ್ಥಳಗಳ ವಿಷಯದಲ್ಲಿ ಜೋರ್ಡಾನ್‌ನ ವಿಶೇಷ ಪಾತ್ರಕ್ಕೆ ಇಸ್ರೇಲ್ ಮನ್ನಣೆ ಕೊಟ್ಟಿರುವುದರಿಂದ, ಇಲ್ಲಿನ ಪ್ರತಿ ಬದಲಾವಣೆಯೂ ಎರಡು ರಾಜ್ಯಗಳ ಸಂಬಂಧದ ವಿಷಯವಾಗುತ್ತದೆ.

ಮುಂದೆ ಏನಾಗಬಹುದು

ಬಲಿ ನಿಜವಾಗಿ ಪುನರಾರಂಭವಾಗುವ ಸಾಧ್ಯತೆ ಹತ್ತಿರದಲ್ಲಿಲ್ಲ. ಬದಲಾಗುತ್ತಿರುವುದು ಅದನ್ನು ತಡೆಯುತ್ತಿರುವ ಶಕ್ತಿ ಯಾವುದು ಎಂಬುದು. ಶತಮಾನಗಳ ಕಾಲ ಸ್ಥಳವೇ ಕೈಯಲ್ಲಿರಲಿಲ್ಲ. ನಂತರ ರಬ್ಬಿಗಳ ನಿಷೇಧ ತಡೆಯಿತು. ಈಗ ಆ ನಿಷೇಧವನ್ನು ಕೆಲವು ರಬ್ಬಿಗಳೇ ಸಡಿಲಿಸಿರುವುದರಿಂದ ತಡೆಯುವ ಹೊಣೆ ಹೆಚ್ಚು ಹೆಚ್ಚಾಗಿ ಪೊಲೀಸರ ಮೇಲೆ ಬೀಳುತ್ತಿದೆ. ಬೆಟ್ಟದಲ್ಲಿ ಪ್ರಾರ್ಥಿಸುವ ಹಕ್ಕನ್ನು ತಾತ್ತ್ವಿಕವಾಗಿ ಒಪ್ಪುವ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ, ಶಾಂತಿ ಕಾಪಾಡಲು ಅದನ್ನು ನಿರ್ಬಂಧಿಸುವ ಅಧಿಕಾರವನ್ನು ಪೊಲೀಸರಿಗೇ ಬಿಟ್ಟಿದೆ. ಪೊಲೀಸರು ಯಾವ ಸಚಿವರ ಕೈಕೆಳಗಿದ್ದಾರೆ ಎಂಬುದು ಆದ್ದರಿಂದ ನಿರ್ಣಾಯಕ. 2025ರ ಆಗಸ್ಟ್ 3ರಂದು, ಎರಡೂ ದೇವಾಲಯಗಳ ನಾಶಕ್ಕಾಗಿ ಯೆಹೂದಿಗಳು ಉಪವಾಸವಿದ್ದು ಶೋಕಿಸುವ ತಿಶಾ ಬಿಆವ್ ದಿನ, ಪೊಲೀಸ್ ಖಾತೆ ಹೊಂದಿರುವ ಸಚಿವ ಇತಮಾರ್ ಬೆನ್ ಗ್ವಿರ್ ಬೆಟ್ಟದ ಮೇಲೆ ಬಹಿರಂಗವಾಗಿ ಪ್ರಾರ್ಥಿಸಿದರು. ಯಥಾಸ್ಥಿತಿ ಬದಲಾಗಿಲ್ಲವೆಂದು ಪ್ರಧಾನಿಯ ಕಚೇರಿ ಹೇಳಿಕೆ ಕೊಟ್ಟಿತು. ಶಾಸ್ತ್ರದ ತಡೆ ಶತಮಾನಗಳ ಚರ್ಚೆಯಿಂದ ಗಟ್ಟಿಯಾದದ್ದು, ಸಚಿವರ ನೀತಿ ಒಂದು ಚುನಾವಣೆಯಲ್ಲಿ ಬದಲಾಗಬಹುದಾದದ್ದು. ಮೊದಲನೆಯದರ ಜಾಗಕ್ಕೆ ಎರಡನೆಯದು ಬರುತ್ತಿರುವುದೇ ಈ ಸುದ್ದಿಗಳಲ್ಲಿ ನಿಜವಾಗಿ ಆತಂಕ ಹುಟ್ಟಿಸುವ ಅಂಶ.

ಇಂಥ ಘಟನೆಗಳು ಹಿಂಸೆಗೆ ತಿರುಗಿದಾಗ ಮೊದಲು ಪೆಟ್ಟು ಬೀಳುವುದು ಆ ಪ್ರದೇಶದಲ್ಲಿ ಬಾಳುವ ಸಾಮಾನ್ಯ ಜನರಿಗೆ. ಆರೈಕೆಯ ಕೆಲಸಕ್ಕೆಂದು ಇಸ್ರೇಲಿಗೆ ಹೋಗಿರುವ ಕರ್ನಾಟಕ ಕರಾವಳಿಯವರೂ ಅವರಲ್ಲಿ ಸೇರಿದ್ದಾರೆ.

ಯೆಹೂದಿ ಸಮಾಜದೊಳಗಿನ ದಿಕ್ಕನ್ನು ತಿಳಿಯಬೇಕೆಂದರೆ ಕಡಸಿನ ಮೈಯ ಕೂದಲಿಗಿಂತ ರಬ್ಬಿನೇಟ್‌ನ ನಿಲುವನ್ನು ಗಮನಿಸುವುದು ಉಪಯುಕ್ತ. 2024ರಲ್ಲಿ ಮುಖ್ಯ ರಬ್ಬಿಗಳಾಗಿ ಆಯ್ಕೆಯಾದ ಇಬ್ಬರಲ್ಲಿ ಡೇವಿಡ್ ಯೋಸೆಫ್ ಒಬ್ಬರು, ಪ್ರವೇಶವನ್ನು ನಿಷೇಧಿಸಿದ್ದ ಒವಾದಿಯಾ ಯೋಸೆಫ್ ಅವರ ಮಗ. ರಬ್ಬಿನೇಟ್‌ನ ನಿಷೇಧ ಅಧಿಕೃತವಾಗಿ ಉಳಿದಿರುವವರೆಗೆ ಹರೇದಿ ಸಮುದಾಯ ಬೆಟ್ಟದಿಂದ ದೂರವೇ ಇರುತ್ತದೆ, ಹತ್ತುವವರು ಒಂದು ಪಂಥಕ್ಕೆ ಸೀಮಿತರಾಗಿರುತ್ತಾರೆ. ಆ ನಿಷೇಧ ಎಂದಾದರೂ ತೆರವಾದರೆ, ಒಂದು ಕಡಸೂ ಮರಿಯೂ ಇಲ್ಲದೆಯೇ ಜೆರುಸಲೇಮ್‌ನ ಯಥಾಸ್ಥಿತಿ ಮುಗಿದಂತೆ.